ಬಣ್ಣ ಇಳಿದ ರೀಲು, ತಿರುಗಿದ ಅಕ್ಷರ: ಹಳೆಯ ಸಂಗೀತ ದೃಶ್ಯಗಳ ಫಿಲ್ಮ್ ಪ್ರತಿಗಳನ್ನು ಸಂಗ್ರಹಿಸುವ ಬಗೆ

ಪ್ರಶ್ನೆ: ನಾನು ಮಂಗಳೂರಿನವನು, ಹಲವು ವರ್ಷಗಳಿಂದ ಅಮೆರಿಕದ ನ್ಯೂಜೆರ್ಸಿಯಲ್ಲಿದ್ದೇನೆ. ನಮ್ಮ ಬೀದಿಯ ಹಿರಿಯರೊಬ್ಬರು ತೀರಿಕೊಂಡ ಬಳಿಕ ಅವರ ಮನೆಯ ಸಾಮಾನುಗಳನ್ನು ಮಾರಾಟಕ್ಕಿಟ್ಟಾಗ ಒಂದು ಪೆಟ್ಟಿಗೆ ಫಿಲ್ಮ್ ರೀಲುಗಳನ್ನು ಕೊಂಡೆ. ಕೆಲವು 8 ಮಿ.ಮೀ. ಅಗಲದ ಸೂಪರ್ 8 ಅಳತೆಯವು. ಹಾಲಿವುಡ್ ಸಂಗೀತ ಚಿತ್ರಗಳ ಹಾಡು ಮತ್ತು ನೃತ್ಯದ ತುಣುಕುಗಳು. ಉಳಿದವು 16 ಮಿ.ಮೀ. ಕಪ್ಪುಬಿಳುಪು ರೀಲುಗಳು, 1940ರ ದಶಕದ ಜಾಝ್ ವಾದ್ಯವೃಂದಗಳ ಹಾಡುಗಳು. ಬಣ್ಣದ ರೀಲುಗಳಲ್ಲಿ ಹೆಚ್ಚಿನವು ಗುಲಾಬಿಗೆ ತಿರುಗಿವೆ, ಒಂದರಿಂದ ಹುಳಿ ವಾಸನೆ ಬರುತ್ತಿದೆ, ಒಂದು ಕಪ್ಪುಬಿಳುಪು ರೀಲಿನಲ್ಲಿ ಅಕ್ಷರಗಳೆಲ್ಲ ಕನ್ನಡಿಯಲ್ಲಿ ಕಂಡಂತೆ ತಿರುಗಿವೆ. ಇವುಗಳಿಗೆ ಬೆಲೆ ಇದೆಯೇ? ಸಂಗ್ರಹವನ್ನು ಬೆಳೆಸುವುದಾದರೆ ಏನನ್ನು ನೋಡಿ ಕೊಳ್ಳಬೇಕು? ಅಂತರ್ಜಾಲಕ್ಕೆ ಏರಿಸಬಹುದೇ? ನಿವೃತ್ತಿಯ ನಂತರ ಊರಿಗೆ ಒಯ್ಯಬಹುದೇ?

ಉತ್ತರ: ನೀವು ದೋಷವೆಂಬಂತೆ ಕೊನೆಯಲ್ಲಿ ಹೇಳಿದ, ಅಕ್ಷರ ತಿರುಗಿದ ರೀಲಿನಿಂದಲೇ ಆರಂಭಿಸುತ್ತೇನೆ, ನಿಮ್ಮ ವಿವರಣೆಯನ್ನು ಓದಿದರೆ ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಸ್ವಾರಸ್ಯದ ವಸ್ತು ಅದೇ ಇರಬೇಕೆಂದು ತೋರುತ್ತದೆ. ನಾಣ್ಯ ಹಾಕಿ ಆಡಿಸುವ ಯಂತ್ರಗಳನ್ನು ತಯಾರಿಸುತ್ತಿದ್ದ ಷಿಕಾಗೋದ ಮಿಲ್ಸ್ ನಾವೆಲ್ಟಿ ಕಂಪನಿಯು 1940ರಲ್ಲಿ ‘ಪನೋರಾಮ್’ ಎಂಬ ಯಂತ್ರವನ್ನು ಹೊರತಂದಿತು. ಅಂದಿನ ಅಮೆರಿಕ ಅಧ್ಯಕ್ಷರ ಮಗ ಜೇಮ್ಸ್ ರೂಸ್‌ವೆಲ್ಟ್ ಈ ಉದ್ಯಮದಲ್ಲಿ ಪಾಲುದಾರರಾಗಿದ್ದರು. ಮರದ ದೊಡ್ಡ ಕಪಾಟಿನಂತಿದ್ದ ಈ ಯಂತ್ರವನ್ನು ಬಾರು, ಹೋಟೆಲುಗಳಲ್ಲಿ ಇರಿಸುತ್ತಿದ್ದರು. ಹತ್ತು ಸೆಂಟಿನ ನಾಣ್ಯ ಹಾಕಿದವರಿಗೆ ಸುಮಾರು ಮೂರು ನಿಮಿಷದ ಒಂದು ಹಾಡಿನ ಚಿತ್ರವನ್ನು ಅದು ತೋರಿಸುತ್ತಿತ್ತು. ಆ ಚಿತ್ರಗಳಿಗೆ ಸೌಂಡಿ ಎಂದು ಹೆಸರು. ಎಂಟು ಹಾಡುಗಳನ್ನು ಒಂದೇ ರೀಲಿನಲ್ಲಿ ಜೋಡಿಸಿ, ತುದಿಯಿಲ್ಲದ ಸುತ್ತಾಗಿ ಓಡಿಸುತ್ತಿದ್ದುದರಿಂದ ನೋಡುವವರಿಗೆ ಆಯ್ಕೆಯಿರಲಿಲ್ಲ. ಸರದಿಯಲ್ಲಿ ಯಾವುದು ಬಂತೋ ಅದನ್ನೇ ನೋಡಬೇಕಿತ್ತು. ಕಪಾಟಿನೊಳಗಿನ 16 ಮಿ.ಮೀ. ಪ್ರೊಜೆಕ್ಟರಿನ ಬೆಳಕು ಕನ್ನಡಿಗಳ ಮೂಲಕ ಹಾದು ತೆರೆಯ ಹಿಂಬದಿಗೆ ಬೀಳುತ್ತಿತ್ತು. ಆ ಹಾದಿಯಲ್ಲಿ ಎಡಬಲ ಅದಲುಬದಲಾಗುವುದರಿಂದ ಪ್ರತಿಗಳನ್ನೇ ಮೊದಲು ಎಡಬಲ ತಿರುಗಿಸಿ ಮುದ್ರಿಸುತ್ತಿದ್ದರು. ಸಾಮಾನ್ಯ ಪ್ರೊಜೆಕ್ಟರಿಗೆ ಏರಿಸಿದಾಗ ಅವುಗಳ ಶೀರ್ಷಿಕೆ ತಿರುಗಿ ಕಾಣುವುದು ಇದೇ ಕಾರಣಕ್ಕೆ.

ನಿಮ್ಮದು ಅಂಥ ಪ್ರತಿಯೇ ಎಂದು ಖಚಿತಪಡಿಸಿಕೊಳ್ಳುವುದು ಸುಲಭ. 16 ಮಿ.ಮೀ. ಧ್ವನಿಸಹಿತ ಫಿಲ್ಮಿನಲ್ಲಿ ಒಂದು ಅಂಚಿನಲ್ಲಿ ಮಾತ್ರ ರಂಧ್ರಗಳಿರುತ್ತವೆ, ಇನ್ನೊಂದು ಅಂಚಿನಲ್ಲಿ ಸೌಂಡ್‌ಟ್ರ್ಯಾಕ್ ಇರುತ್ತದೆ. ಆದ್ದರಿಂದ ಫಿಲ್ಮನ್ನು ಮಗುಚಿ ಹಾಕಿದರೆ ರಂಧ್ರಗಳು ಯಂತ್ರದ ಹಲ್ಲುಗಳಿಗೆ ಕೂರುವುದೇ ಇಲ್ಲ. ಮಗುಚಿ, ಜೊತೆಗೆ ಬಾಲದ ತುದಿಯಿಂದ ಏರಿಸಿದರೆ ಚಿತ್ರ ತಲೆಕೆಳಗಾಗಿ, ಹಾಡು ಹಿಂದುಮುಂದಾಗಿ ಬರುತ್ತದೆ. ಹಾಡು ಸರಿಯಾಗಿ ಕೇಳಿಸುತ್ತಿದ್ದು ಅಕ್ಷರಗಳು ಮಾತ್ರ ತಿರುಗಿದ್ದರೆ ಅದು ಪನೋರಾಮ್ ಯಂತ್ರಕ್ಕೆಂದೇ ಮಾಡಿದ ಪ್ರತಿ. ಶೀರ್ಷಿಕೆಯ ಭಾಗ ಕಡಿದುಹೋಗಿರುವ ರೀಲುಗಳಲ್ಲಿ ಪಿಯಾನೋವನ್ನು ನೋಡಿ, ವಾದಕನ ಎಡಗೈ ಕಡೆಗೆ ತಾರಸ್ಥಾಯಿಯ ಮನೆಗಳಿದ್ದರೆ ಅದೂ ಅದೇ ಜಾತಿಯದು. ಕೋಟಿನ ಎದೆಜೇಬು ಬಲಕ್ಕೆ ಬಂದಿರುವುದೂ ಒಂದು ಗುರುತು. ನೋಡುವುದಕ್ಕೆ ದಾರಿ ಇದೆ: ಬೆಳಕು ಹಾಯುವ ಅರೆಪಾರದರ್ಶಕ ತೆರೆಯ ಹಿಂದೆ ಪ್ರೊಜೆಕ್ಟರನ್ನು ಇರಿಸಿ ಮುಂದೆ ಕುಳಿತು ನೋಡಿದರೆ ಎಲ್ಲವೂ ಸರಿಯಾಗುತ್ತದೆ.

ಸೌಂಡಿಗಳು 1947ರವರೆಗೆ ಬಿಡುಗಡೆಯಾದವು, ಒಟ್ಟು ಸಂಖ್ಯೆ 1800ಕ್ಕೂ ಹೆಚ್ಚು. ಡ್ಯೂಕ್ ಎಲಿಂಗ್ಟನ್, ಫ್ಯಾಟ್ಸ್ ವಾಲರ್, ಕ್ಯಾಬ್ ಕ್ಯಾಲೊವೇ, ಕೌಂಟ್ ಬೇಸಿ, ನ್ಯಾಟ್ ಕಿಂಗ್ ಕೋಲ್, ಡೊರೊಥಿ ಡ್ಯಾಂಡ್ರಿಜ್ ಮೊದಲಾದ ಕಪ್ಪು ಕಲಾವಿದರು ಇವುಗಳಲ್ಲಿ ಹಾಡಿಗೆ ಕೇಂದ್ರವಾಗಿ ನಿಂತಿದ್ದಾರೆ. ಅದೇ ಕಾಲದ ದೊಡ್ಡ ಹಾಲಿವುಡ್ ಚಿತ್ರಗಳು ಇಂಥವರಿಗೆ ಕೊಡುತ್ತಿದ್ದುದು ಬಹುಮಟ್ಟಿಗೆ ಕಥೆಗೆ ಸಂಬಂಧವಿಲ್ಲದ ಒಂದು ಹಾಡನ್ನು. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಪ್ರದರ್ಶಿಸುವಾಗ ಆ ಹಾಡನ್ನು ಕತ್ತರಿಸಿ ತೆಗೆಯುವ ಪದ್ಧತಿಯೂ ಇತ್ತು. ಹಾಡನ್ನು ಮೊದಲೇ ಧ್ವನಿಮುದ್ರಿಸಿಕೊಂಡು ಅದಕ್ಕೆ ತುಟಿ ಆಡಿಸಿ ಚಿತ್ರೀಕರಿಸುತ್ತಿದ್ದರು, ಆದ್ದರಿಂದ ಬೆರಳಿಗೂ ನಾದಕ್ಕೂ ಎಲ್ಲೆಡೆ ಹೊಂದಿಕೆಯಾಗುವುದಿಲ್ಲ. ಪನೋರಾಮ್‌ಗಳ ಕಾಲ ಮುಗಿದ ಮೇಲೆ ಕ್ಯಾಸಲ್ ಫಿಲ್ಮ್ಸ್, ಅಫಿಷಿಯಲ್ ಫಿಲ್ಮ್ಸ್ ಮುಂತಾದ ಸಂಸ್ಥೆಗಳು ಇವುಗಳನ್ನು ಸರಿಯಾದ ದಿಕ್ಕಿನಲ್ಲಿ ಮುದ್ರಿಸಿ, ಹೊಸ ಶೀರ್ಷಿಕೆ ಅಂಟಿಸಿ, ಮನೆಯಲ್ಲಿ ನೋಡುವವರಿಗೆ ಮಾರಿದವು. ನಿಮ್ಮ ಉಳಿದ ಕಪ್ಪುಬಿಳುಪು ರೀಲುಗಳು ಈ ಮರುಬಿಡುಗಡೆಗಳಿರಬಹುದು. ಅವು ನೋಡುವುದಕ್ಕೆ ಅನುಕೂಲ. ಸಂಗ್ರಾಹಕರ ಕಣ್ಣು ಮಾತ್ರ ಮೂಲ ಶೀರ್ಷಿಕೆಯಿರುವ ತಿರುಗಿದ ಪ್ರತಿಯ ಮೇಲೆಯೇ.

ಹಾಡಿನ ತುಣುಕುಗಳು ಮನೆಬಳಕೆಯ ಫಿಲ್ಮಿಗೆ ಇಷ್ಟು ಚೆನ್ನಾಗಿ ಒಗ್ಗಿದ್ದಕ್ಕೆ ಕಾರಣ ರೀಲಿನ ಉದ್ದದಲ್ಲಿದೆ. 16 ಮಿ.ಮೀ. ಫಿಲ್ಮಿನಲ್ಲಿ ಅಡಿಗೆ 40 ಫ್ರೇಮು, ಸೂಪರ್ 8ರಲ್ಲಿ 72. ಸೆಕೆಂಡಿಗೆ 24 ಫ್ರೇಮಿನಂತೆ ಓಡಿಸಿದರೆ 400 ಅಡಿಯ 16 ಮಿ.ಮೀ. ರೀಲು ಸುಮಾರು 11 ನಿಮಿಷ, 200 ಅಡಿಯ ಸೂಪರ್ 8 ರೀಲು 10 ನಿಮಿಷ ಬರುತ್ತದೆ. ಎರಡು ಗಂಟೆಯ ಕಥೆಯನ್ನು ಹತ್ತು ನಿಮಿಷಕ್ಕೆ ಇಳಿಸಿದರೆ ತಲೆಬುಡ ತಿಳಿಯುವುದಿಲ್ಲ, ಒಂದು ಹಾಡನ್ನೋ ನೃತ್ಯವನ್ನೋ ಇಡಿಯಾಗಿ ಎತ್ತಿಕೊಂಡರೆ ಅದು ಪೂರ್ಣವಾಗಿಯೇ ಉಳಿಯುತ್ತದೆ. ಧ್ವನಿ ಮಾತ್ರ ಬಹುಕಾಲ ಶ್ರೀಮಂತರ ಸೊತ್ತಾಗಿತ್ತು: 1940ರ ದಶಕದ ಕ್ಯಾಸಲ್ ಜಾಹೀರಾತುಗಳಲ್ಲಿ ಅತ್ಯಂತ ಅಗ್ಗದ 8 ಮಿ.ಮೀ. ಮೂಕಿ ತುಣುಕಿಗೆ 1.75 ಡಾಲರ್, 16 ಮಿ.ಮೀ. ಧ್ವನಿಸಹಿತ ಪ್ರತಿಗೆ 17.50 ಡಾಲರ್. ಕೊಡಾಕ್ 1965ರಲ್ಲಿ ಸೂಪರ್ 8 ಅನ್ನು ತಂದು, ಅದರ ಅಂಚಿಗೆ ಟೇಪ್‌ರೆಕಾರ್ಡರಿನ ಟೇಪಿನಂಥ ಕಾಂತೀಯ ಪಟ್ಟಿ ಬಳಿಯುವ ಪದ್ಧತಿ ಹರಡಿದ ಮೇಲಷ್ಟೇ ಹಾಡು ಮಧ್ಯಮವರ್ಗದ ಮನೆಗೆ ಬಂತು. ನಿಮ್ಮ ನ್ಯೂಜೆರ್ಸಿಯ ಫೋರ್ಟ್ ಲೀಯಲ್ಲೇ ಇದ್ದ ಕೆನ್ ಫಿಲ್ಮ್ಸ್, ಐಯೊವಾದ ಡ್ಯಾವೆನ್‌ಪೋರ್ಟಿನ ಬ್ಲ್ಯಾಕ್‌ಹಾಕ್ ಫಿಲ್ಮ್ಸ್, ಇಂಗ್ಲೆಂಡಿನ ಡಡ್ಲಿಯಲ್ಲಿ 2011ರವರೆಗೆ ಉಳಿದ ಡೆರಾನ್ ಈ ವ್ಯಾಪಾರದ ಪ್ರಮುಖ ಹೆಸರುಗಳು. ವಿಡಿಯೋ ಕ್ಯಾಸೆಟ್ ಬಂದ ಮೇಲೆ ಅಮೆರಿಕದಲ್ಲಿ ಈ ಪೇಟೆ 1980ರ ದಶಕದಲ್ಲಿ ಮುಚ್ಚಿಹೋಯಿತು. ಡೆರಾನ್ ಮಾತ್ರ ಆ ನಂತರವೂ ಒಳ್ಳೆಯ ಪ್ರತಿಗಳನ್ನು ತೆಗೆಯುತ್ತಲೇ ಇತ್ತು.

ಈಗ ಗುಲಾಬಿ ಬಣ್ಣದ ಮಾತು. ಬೆಲೆಯನ್ನು ನಿರ್ಧರಿಸುವುದು ಪೆಟ್ಟಿಗೆಯ ಮೇಲಿನ ಹೆಸರಲ್ಲ, ಒಳಗಿನ ಪ್ರತಿಯ ಸ್ಥಿತಿ. ಅದರಲ್ಲೂ ಸಂಗೀತ ಚಿತ್ರದಲ್ಲಿ ಉಡುಪು, ರಂಗಸಜ್ಜಿಕೆ, ಬೆಳಕು ಎಲ್ಲವನ್ನೂ ಬಣ್ಣಕ್ಕಾಗಿಯೇ ಕಟ್ಟಿರುವುದರಿಂದ ಬಣ್ಣ ಹೋದ ಪ್ರತಿಯಲ್ಲಿ ಅರ್ಧ ಚಿತ್ರವೇ ಹೋದಂತೆ. 1950ರ ದಶಕದಿಂದ 1980ರ ದಶಕದ ಆರಂಭದವರೆಗಿನ, ಕೊಡಾಕ್ ಸಂಸ್ಥೆಯ ಈಸ್ಟ್‌ಮನ್ ಬಣ್ಣದ ಪ್ರತಿಗಳಲ್ಲಿ ನೀಲಿಹಸಿರು ವರ್ಣದ್ರವ್ಯ ಕತ್ತಲಲ್ಲಿ ಇಟ್ಟಿದ್ದರೂ ಕ್ಷಯಿಸುತ್ತದೆ, ಹಳದಿಯೂ ಸ್ವಲ್ಪಮಟ್ಟಿಗೆ ಇಳಿಯುತ್ತದೆ, ಉಳಿಯುವುದು ಕೆನ್ನೇರಳೆ. ಇದು ರಾಸಾಯನಿಕ ಬದಲಾವಣೆಯಾದ್ದರಿಂದ ತೊಳೆದು ಮರಳಿ ಪಡೆಯುವ ಉಪಾಯವಿಲ್ಲ. ಸ್ಕ್ಯಾನ್ ಮಾಡಿದಾಗ ಗಣಕದಲ್ಲಿ ತಕ್ಕಮಟ್ಟಿಗೆ ಸರಿಪಡಿಸಬಹುದು, ತೆರೆಯ ಮೇಲೆ ಆಗದು. ಟೆಕ್ನಿಕಲರ್ ಸಂಸ್ಥೆಯು ಅಮೆರಿಕದಲ್ಲಿ 1970ರ ದಶಕದ ಮಧ್ಯದವರೆಗೆ ಮಾಡುತ್ತಿದ್ದ ವರ್ಣವರ್ಗಾವಣೆ ಮುದ್ರಣ ಇದಕ್ಕೆ ಹೊರತು. ಬಣ್ಣವನ್ನು ನೇರವಾಗಿ ಫಿಲ್ಮಿಗೆ ಒತ್ತುತ್ತಿದ್ದ ಆ ಪ್ರತಿಗಳು ಇಂದಿಗೂ ಮೊದಲಿನ ಹೊಳಪಿನಲ್ಲೇ ಇವೆ. ಸಂಗ್ರಾಹಕರು ಅವನ್ನು ‘ಐಬಿ’ ಎಂದು ಕರೆಯುತ್ತಾರೆ. ಅಂಥ 16 ಮಿ.ಮೀ. ಪ್ರತಿ ಸಿಕ್ಕರೆ ಚೌಕಾಸಿಗೆ ನಿಲ್ಲಬೇಡಿ. ಅಂಚಿನಲ್ಲಿ ‘ಎಲ್‌ಪಿಪಿ’ ಎಂಬ ಅಕ್ಷರಗಳಿರುವ ಕೊಡಾಕ್ ಫಿಲ್ಮು 1980ರ ದಶಕದಿಂದ ಈಚಿನದು, ಬೇಗನೆ ಮಾಸುವುದಿಲ್ಲ. ಇದೇ ಅಂಚಿನಲ್ಲಿ ಕೊಡಾಕ್ ವೃತ್ತ, ಚೌಕ, ತ್ರಿಕೋನಗಳ ಗುರುತಿನಲ್ಲಿ ಫಿಲ್ಮ್ ತಯಾರಾದ ವರ್ಷವನ್ನು ಸೂಚಿಸುತ್ತಿತ್ತು. 20 ವರ್ಷಕ್ಕೊಮ್ಮೆ ಅವೇ ಗುರುತುಗಳು ಮರಳಿ ಬರುತ್ತಿದ್ದುದರಿಂದ 1936, 1956, 1976 ಮೂರಕ್ಕೂ ಒಂದೇ ಚಿಹ್ನೆ. ಮಾರುವವರು ಹಳೆಯ ವರ್ಷವನ್ನೇ ಹೇಳುವುದು ವಾಡಿಕೆ.

ಕಪ್ಪುಬಿಳುಪಿನಲ್ಲಿ ಈ ಕಾಟವಿಲ್ಲ. ಬೆಳ್ಳಿಯ ಚಿತ್ರ ಗಟ್ಟಿ. ಹೊಸದಾಗಿ ಸಂಗ್ರಹ ಕಟ್ಟುವವರಿಗೆ ನನ್ನ ಸಲಹೆ ಯಾವಾಗಲೂ ಕಪ್ಪುಬಿಳುಪಿನಿಂದ ಆರಂಭಿಸಿ ಎಂಬುದೇ. 1930ರ ದಶಕದ ಆರ್‌ಕೆಒ ಸಂಸ್ಥೆಯ ಫ್ರೆಡ್ ಆಸ್ಟೇರ್, ಜಿಂಜರ್ ರೋಜರ್ಸ್ ನೃತ್ಯಗಳು, ವಾರ್ನರ್ ಸಂಸ್ಥೆಗೆ ಬಸ್ಬಿ ಬರ್ಕ್ಲಿ ಸಂಯೋಜಿಸಿದ ಸಮೂಹ ನೃತ್ಯಗಳು 16 ಮಿ.ಮೀ.ನಲ್ಲಿ ಇಂದಿಗೂ ಕೈಗೆಟುಕುತ್ತವೆ, ಏಕೆಂದರೆ 1950ರ ದಶಕದ ನಡುವೆ ಈ ಎರಡೂ ಸಂಸ್ಥೆಗಳ ಹಳೆಯ ಚಿತ್ರಗಳನ್ನು ಟೆಲಿವಿಷನ್‌ಗೆ ಮಾರಿದಾಗ ಪ್ರಸಾರ ಕೇಂದ್ರಗಳಿಗಾಗಿ ಬಹಳಷ್ಟು ಪ್ರತಿಗಳನ್ನು ತೆಗೆದರು. ವಾರ್ನರ್ ಪ್ರತಿಗಳ ಮೊದಲಿಗೆ ಅವನ್ನು ಕೊಂಡ ‘ಎ.ಎ.ಪಿ.’ ಸಂಸ್ಥೆಯ ಲಾಂಛನವನ್ನು ಕಾಣುತ್ತೀರಿ. ಆರ್‌ಕೆಒ ಚಿತ್ರಗಳನ್ನು ಕೊಂಡ ಸಿ ಆ್ಯಂಡ್ ಸಿ ಸಂಸ್ಥೆ ಮೂಲ ಲಾಂಛನವನ್ನೇ ತೆಗೆದು ತನ್ನದನ್ನು ಹಾಕಿತು. ಇದರಿಂದ ಬೆಲೆ ಸ್ವಲ್ಪ ಇಳಿಯುತ್ತದೆ, ನೃತ್ಯಕ್ಕೇನೂ ಊನವಿಲ್ಲ. ಆಸ್ಟೇರ್ ತಮ್ಮ ನೃತ್ಯವನ್ನು ತಲೆಯಿಂದ ಪಾದದವರೆಗೆ, ಆದಷ್ಟು ಕಡಿಮೆ ಕತ್ತರಿಯಲ್ಲಿ ಚಿತ್ರೀಕರಿಸಬೇಕೆಂದು ಪಟ್ಟುಹಿಡಿಯುತ್ತಿದ್ದರೆಂಬುದು ಪ್ರಸಿದ್ಧ. ಸಂಗ್ರಾಹಕನಿಗೆ ಅದರ ಅರ್ಥ ಬೇರೆ. ಒಂದೇ ದೀರ್ಘ ಚಿತ್ರಿಕೆಯಲ್ಲಿ ಫಿಲ್ಮ್ ತುಂಡಾಗಿ ಅಂಟಿಸಿದ್ದರೆ ಆ ಜಾಗ ಎದ್ದು ಕಾಣುತ್ತದೆ.

ಆ ತೇಪೆಗಳನ್ನು ಕುರಿತು ಎಚ್ಚರ ಬೇಕು. ಪ್ರೊಜೆಕ್ಟರಿನಲ್ಲಿ ಚಿತ್ರ ಒಂದೆಡೆ, ಧ್ವನಿ ಇನ್ನೊಂದೆಡೆ ಓದಲ್ಪಡುವುದರಿಂದ ಧ್ವನಿಯನ್ನು ಚಿತ್ರಕ್ಕಿಂತ ಮುಂದಕ್ಕೆ ಮುದ್ರಿಸಿರುತ್ತಾರೆ: 16 ಮಿ.ಮೀ. ಫಿಲ್ಮಿನಲ್ಲಿ ಬೆಳಕು ಹಾಯಿಸಿ ಓದುವ ‘ಬೆಳಕಿನ ಟ್ರ್ಯಾಕಿನಲ್ಲಿ’ 26 ಫ್ರೇಮು, ಸೂಪರ್ 8 ಕಾಂತೀಯ ಪಟ್ಟಿಯಲ್ಲಿ 18. ಹಾಗಾಗಿ ಕೆಲವು ಫ್ರೇಮು ಕಳೆದುಹೋದ ಒಂದೇ ತೇಪೆ ಚಿತ್ರವನ್ನು ಒಂದು ಕ್ಷಣ, ಹಾಡನ್ನು ಬೇರೊಂದು ಕ್ಷಣ ಕೆಡಿಸುತ್ತದೆ. ಸಂಭಾಷಣೆಯಲ್ಲಿ ನಡೆದೀತು, ಹಾಡಿನಲ್ಲಿ ತಾಳ ಜಾರುತ್ತದೆ. ಪ್ರೊಜೆಕ್ಟರಿನಲ್ಲಿ ಫಿಲ್ಮಿನ ಕೆಳಗಿನ ಸಡಿಲ ಕುಣಿಕೆಯನ್ನು ಗುರುತಿಗಿಂತ ಹೆಚ್ಚು ಕಡಿಮೆ ಬಿಟ್ಟರೂ ಇದೇ ತೊಂದರೆ. ಎರಡು ಮೂರು ಫ್ರೇಮಿನ ವ್ಯತ್ಯಾಸವೂ ಟ್ಯಾಪ್ ನೃತ್ಯದಲ್ಲಿ ಹೆಜ್ಜೆಗೂ ಸದ್ದಿಗೂ ನಡುವೆ ಕಾಣಿಸಿಕೊಳ್ಳುತ್ತದೆ. ವೇಗದ ಗುಂಡಿಯನ್ನೂ ನೋಡಿಕೊಳ್ಳಿ. ಸೂಪರ್ 8 ಯಂತ್ರಗಳಲ್ಲಿ 18, 24 ಎಂಬ ಎರಡು ವೇಗಗಳಿರುತ್ತವೆ, ಮಾರಾಟಕ್ಕೆಂದು ತೆಗೆದ ಧ್ವನಿಸಹಿತ ಪ್ರತಿಗಳು ಸಾಮಾನ್ಯವಾಗಿ 24ಕ್ಕೆ ಸೇರಿದವು. ಅದನ್ನು 18ರಲ್ಲಿ ಓಡಿಸಿದರೆ ಶ್ರುತಿ ಐದು ಸ್ವರಸ್ಥಾನ ಇಳಿಯುತ್ತದೆ, ಅಂದರೆ ಗಾಯಕಿಯ ಷಡ್ಜ ಮಂದ್ರ ಪಂಚಮಕ್ಕೆ ಬಂದು ನಿಲ್ಲುತ್ತದೆ. ಸೂಪರ್ 8ರಲ್ಲಿ ಎರಡು ಪಟ್ಟಿಗಳಿದ್ದರೆ ರಂಧ್ರದ ಕಡೆಯ ಕಿರಿದಾದದ್ದು ಮೊದಲಿಗೆ ಫಿಲ್ಮು ಸಮನಾಗಿ ಸುತ್ತಿಕೊಳ್ಳಲೆಂದು ಇದ್ದದ್ದು. ಸ್ಟೀರಿಯೋ ಪ್ರತಿಗಳಲ್ಲಿ ಎರಡನೆಯ ವಾಹಿನಿಯನ್ನು ಅಲ್ಲಿ ಮುದ್ರಿಸಿದರು. ಪಟ್ಟಿ ಅಲ್ಲಲ್ಲಿ ಎದ್ದುಬಂದಿದ್ದರೆ ಆ ರೀಲನ್ನು ಓಡಿಸಬೇಡಿ. ಕಾಂತೀಯ ಪಟ್ಟಿಯಿರುವ ಫಿಲ್ಮನ್ನು ಯಾವುದೋ ದ್ರಾವಕದಿಂದ ಒರೆಸುವುದೂ ಬೇಡ. ಕೆಲವು ದ್ರವಗಳಿಗೆ ಪಟ್ಟಿಯ ಅಂಟೇ ಕರಗುತ್ತದೆ.

ಧ್ವನಿಯ ಬಗ್ಗೆ ಇನ್ನೊಂದು ಮಾತು ಹೇಳಿ ಮುಂದೆ ಹೋಗುತ್ತೇನೆ. 1960ರ ದಶಕದಲ್ಲಿ ಫ್ರಾನ್ಸಿನಲ್ಲಿ ಹುಟ್ಟಿ ಅಮೆರಿಕಕ್ಕೂ ಬಂದ ಸ್ಕೋಪಿಟೋನ್ ಎಂಬ ಯಂತ್ರದ ಹಾಡುಗಳು ಬಣ್ಣದ 16 ಮಿ.ಮೀ. ಫಿಲ್ಮಿನಲ್ಲಿದ್ದು ಕಾಂತೀಯ ಧ್ವನಿಯನ್ನು ಹೊಂದಿವೆ. ಬೆಳಕಿನ ಟ್ರ್ಯಾಕನ್ನಷ್ಟೇ ಓದುವ ಪ್ರೊಜೆಕ್ಟರಿನಲ್ಲಿ ಅವು ಮೂಕವಾಗುತ್ತವೆ. ಇದನ್ನರಿಯದೆ ಕೆಲವರು ಅವನ್ನು ಮೂಕಿ ಎಂದು ಕಡಿಮೆ ಬೆಲೆಗೆ ಕೊಡುವುದುಂಟು.

ಅಗಲ ತೆರೆಯ ಚಿತ್ರಗಳ ಬಗ್ಗೆ ಸಂಕ್ಷೇಪವಾಗಿ ಹೇಳುವುದಾದರೆ, 1953ರ ನಂತರದ ಸಿನೆಮಾಸ್ಕೋಪ್ ಸಂಗೀತ ಚಿತ್ರಗಳ ಮನೆಬಳಕೆಯ ಪ್ರತಿಗಳು ಎರಡು ಬಗೆ. ಒಂದರಲ್ಲಿ ಚಿತ್ರ ಅಡ್ಡಡ್ಡ ಕುಗ್ಗಿರುತ್ತದೆ, ಅದನ್ನು ಹಿಗ್ಗಿಸುವ ಪ್ರತ್ಯೇಕ ಮಸೂರ ಬೇಕು; ಇನ್ನೊಂದರಲ್ಲಿ ಎರಡೂ ಬದಿ ಕತ್ತರಿಸಿರುತ್ತಾರೆ. ಆರೇಳು ಜನ ಸಾಲಾಗಿ ಕುಣಿಯುವ ದೃಶ್ಯದಲ್ಲಿ ಎರಡನೆಯದನ್ನು ಕೊಳ್ಳುವುದು ವ್ಯರ್ಥ.

ಹುಳಿ ವಾಸನೆಯ ರೀಲನ್ನು ಈ ದಿನವೇ ಉಳಿದವುಗಳಿಂದ ಬೇರೆ ಕೋಣೆಗೆ ಸಾಗಿಸಿ. ಅಸಿಟೇಟ್ ಫಿಲ್ಮು ವಿಘಟಿಸುವಾಗ ಅಸಿಟಿಕ್ ಆಮ್ಲ, ಅಂದರೆ ವಿನೆಗರಿನಲ್ಲಿರುವ ಆಮ್ಲವೇ, ಹೊರಬರುತ್ತದೆ. ಅದರ ಆವಿ ಪಕ್ಕದ ರೀಲುಗಳನ್ನೂ ತಟ್ಟುತ್ತದೆ, ಮುಚ್ಚಿದ ತಗಡಿನ ಡಬ್ಬಿಯೊಳಗೆ ತುಂಬಿಕೊಂಡು ತನ್ನ ಕೆಲಸವನ್ನು ತಾನೇ ಚುರುಕುಗೊಳಿಸುತ್ತದೆ. ಕಾಂತೀಯ ಪಟ್ಟಿಯಲ್ಲಿರುವ ಕಬ್ಬಿಣದ ಆಕ್ಸೈಡು ಇದಕ್ಕೆ ಇನ್ನಷ್ಟು ವೇಗ ಕೊಡುವುದರಿಂದ ಧ್ವನಿಸಹಿತ ಸೂಪರ್ 8 ಪ್ರತಿಗಳ ಮೇಲೆ ಹೆಚ್ಚು ನಿಗಾ ಬೇಕು. ರಾಚೆಸ್ಟರಿನ ಇಮೇಜ್ ಪರ್ಮನೆನ್ಸ್ ಇನ್‌ಸ್ಟಿಟ್ಯೂಟ್ ತಯಾರಿಸುವ ‘ಎ-ಡಿ’ ಕಾಗದದ ಪಟ್ಟಿಯನ್ನು ಡಬ್ಬಿಯಲ್ಲಿಟ್ಟರೆ ಅದು ನೀಲಿಯಿಂದ ಹಸಿರಿಗೆ, ಆಮೇಲೆ ಹಳದಿಗೆ ತಿರುಗುತ್ತ ರೋಗದ ಹಂತವನ್ನು ತೋರಿಸುತ್ತದೆ. ಮೂಗಿಗೆ ಗೊತ್ತಾಗುವ ಮುಂಚೆಯೇ ಅದಕ್ಕೆ ಗೊತ್ತಾಗುತ್ತದೆ. ಈ ರೀಲಿನಲ್ಲಿರುವುದು ಅಪರೂಪದ ಹಾಡಾಗಿದ್ದು ಫಿಲ್ಮು ಇನ್ನೂ ಸುರುಟಿಲ್ಲವಾದರೆ ತಡಮಾಡದೆ ಸ್ಕ್ಯಾನ್ ಮಾಡಿಸಿ. ಪ್ರೊಜೆಕ್ಟರಿಗೆ ಏರಿಸಬೇಡಿ, ಕುಗ್ಗಿದ ಫಿಲ್ಮಿನ ರಂಧ್ರಗಳು ಹರಿಯುತ್ತವೆ. ಪಾಲಿಯೆಸ್ಟರ್ ಫಿಲ್ಮಿಗೆ ಈ ರೋಗವಿಲ್ಲ. ಸುತ್ತಿದ ರೀಲನ್ನು ಬೆಳಕಿಗೆ ಹಿಡಿದು ಪಕ್ಕದಿಂದ ನೋಡಿದರೆ ಪಾಲಿಯೆಸ್ಟರಿನ ಮೂಲಕ ಬೆಳಕು ಹಾಯುತ್ತದೆ, ಅಸಿಟೇಟಿನ ಮೂಲಕ ಹಾಯುವುದಿಲ್ಲ.

ಕೊಳ್ಳುವಾಗ ಮಾರುವವರಿಂದ ಫಿಲ್ಮನ್ನು ಬಿಳಿ ಬೆಳಕಿನ ಮುಂದೆ ಹಿಡಿದು ತೆಗೆದ ಚಿತ್ರವನ್ನು ಕೇಳಿ. ರೀಲಿನ ಆರಂಭದ್ದು ಮಾತ್ರ ಸಾಲದು, ಒಳಗಿನ ಭಾಗದ್ದೂ ಬೇಕು, ಅಂಚಿನ ಅಕ್ಷರಗಳೂ ಕಾಣಬೇಕು. ವಾಸನೆ ಇದೆಯೇ, ಉದ್ದ ಎಷ್ಟು, ತೇಪೆಗಳು ಎಷ್ಟು, ಧ್ವನಿ ಯಾವ ಬಗೆಯದು ಎಂದು ನೇರವಾಗಿ ಕೇಳಿ. ‘ಬೆಚ್ಚನೆಯ ಬಣ್ಣ’ ಎಂಬ ವರ್ಣನೆ ಬಂದರೆ ಗುಲಾಬಿ ಎಂದೇ ತಿಳಿಯಿರಿ. ‘ಪರೀಕ್ಷಿಸಿಲ್ಲ’ ಎಂದು ಬರೆದ ರೀಲಿಗೆ ನಾನು ಪೆಟ್ಟಿಗೆಯ ಬೆಲೆಗಿಂತ ಹೆಚ್ಚು ಕೊಡುವುದಿಲ್ಲ. ನಿಮ್ಮ ಗುಲಾಬಿ ಸೂಪರ್ 8 ರೀಲುಗಳಿಗೂ ಇದೇ ನಿಯಮದಂತೆ ಹೆಚ್ಚಿನ ಬೆಲೆ ಬರದು. ಹೊಸ ಪ್ರೊಜೆಕ್ಟರನ್ನು ಪರೀಕ್ಷಿಸಲು ಅವನ್ನು ಬಳಸಿಕೊಳ್ಳಿ, ಒಳ್ಳೆಯ ಪ್ರತಿಯನ್ನು ಅಪರಿಚಿತ ಯಂತ್ರಕ್ಕೆ ಮೊದಲು ಒಡ್ಡಬಾರದು.

ಹಕ್ಕುಗಳ ಪ್ರಶ್ನೆಗೆ ಬರೋಣ. ಮನೆಬಳಕೆಗೆಂದು ಅಂಗಡಿಯಲ್ಲಿ ಮಾರಿದ ಪ್ರತಿಯನ್ನು ಇಟ್ಟುಕೊಳ್ಳುವುದಕ್ಕೂ ಮರುಮಾರಾಟ ಮಾಡುವುದಕ್ಕೂ ಅಮೆರಿಕದ ಕಾನೂನಿನಲ್ಲಿ ಅಡ್ಡಿಯಿಲ್ಲ. ಬಾಡಿಗೆಗೆ, ಪ್ರಸಾರಕ್ಕೆ ಮಾತ್ರ ಕೊಡುತ್ತಿದ್ದ ಪ್ರತಿಗಳ ಚರಿತ್ರೆ ಇಷ್ಟು ಸರಳವಲ್ಲ. 1974ರ ಕೊನೆಯಲ್ಲಿ ನಟ ರಾಡಿ ಮೆಕ್‌ಡೊವಾಲ್ ಅವರ ಮನೆಯಿಂದ ಎಫ್‌ಬಿಐ ಅಧಿಕಾರಿಗಳು ಅವರ ಫಿಲ್ಮ್ ಸಂಗ್ರಹವನ್ನೇ ವಶಪಡಿಸಿಕೊಂಡಿದ್ದರು, ಆದರೂ ಅವರ ಮೇಲೆ ಆರೋಪ ಹೊರಿಸಲಿಲ್ಲ. ಇಂದು ಮನೆಯ ಸಂಗ್ರಾಹಕರನ್ನು ಯಾರೂ ಹೀಗೆ ಬೆನ್ನಟ್ಟುತ್ತಿಲ್ಲ. ಅಂತರ್ಜಾಲಕ್ಕೆ ಏರಿಸುವುದು ಬೇರೆಯೇ ವಿಷಯ. ಪ್ರತಿಯನ್ನು ಕೊಂಡವರಿಗೆ ಅದನ್ನು ನಕಲಿಸಿ ಹಂಚುವ ಹಕ್ಕು ಬರುವುದಿಲ್ಲ. ಅಮೆರಿಕದಲ್ಲಿ 1964ಕ್ಕೆ ಮುಂಚೆ ಪ್ರಕಟವಾದ ಕೃತಿಗಳ ಹಕ್ಕನ್ನು 28ನೆಯ ವರ್ಷದಲ್ಲಿ ನವೀಕರಿಸಬೇಕಿತ್ತು, ನವೀಕರಿಸದಿದ್ದರೆ ಅದು ಕೊನೆಗೊಳ್ಳುತ್ತಿತ್ತು, ನವೀಕರಿಸಿದ್ದರೆ 95 ವರ್ಷ ನಡೆಯುತ್ತದೆ. ಅನೇಕರು ಇಲ್ಲಿಗೆ ಲೆಕ್ಕ ನಿಲ್ಲಿಸುತ್ತಾರೆ. ಚಿತ್ರದ ಹಕ್ಕು ಮುಗಿದಿದ್ದರೂ ಅದರಲ್ಲಿರುವ ಹಾಡಿನ ಸಾಹಿತ್ಯ ಮತ್ತು ಸಂಗೀತದ ಹಕ್ಕು ಪ್ರತ್ಯೇಕವಾಗಿ ಜೀವಂತವಿರಬಹುದು, ಸಂಗೀತ ದೃಶ್ಯಗಳಲ್ಲಿ ಬಹುಪಾಲು ಹಾಗೆಯೇ ಇರುತ್ತದೆ. ನೀವು ಸ್ಕ್ಯಾನ್ ಮಾಡಿ ನಿಮ್ಮಲ್ಲೇ ಇಟ್ಟುಕೊಳ್ಳಿ; ನಿಮ್ಮ ಸೌಂಡಿ ಅಪರೂಪದ್ದೆಂದು ತೋರಿದರೆ ಅಭಿಲೇಖಾಲಯವೊಂದಕ್ಕೆ ತಿಳಿಸಿ.

ಇನ್ನು ಊರಿಗೆ ಒಯ್ಯುವ ಮಾತು. ಎರಡು ಅಡ್ಡಿಗಳಿವೆ. ಮೊದಲನೆಯದು ವಿದ್ಯುತ್ತು: ಅಮೆರಿಕದ್ದು 120 ವೋಲ್ಟ್, 60 ಹರ್ಟ್ಸ್; ನಮ್ಮದು 230 ವೋಲ್ಟ್, 50 ಹರ್ಟ್ಸ್. ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಇಳಿಸುತ್ತದೆ, ಹರ್ಟ್ಸನ್ನು ಬದಲಿಸುವುದಿಲ್ಲ. ಎ.ಸಿ. ಮೋಟಾರಿನ ಪ್ರೊಜೆಕ್ಟರು ಆಗ ಆರನೆಯ ಒಂದು ಪಾಲು ನಿಧಾನವಾಗುತ್ತದೆ, ಷಡ್ಜ ಮಂದ್ರದ ಚತುಶ್ರುತಿ ಧೈವತಕ್ಕೆ ಇಳಿಯುತ್ತದೆ. ಕೆಲವು ಯಂತ್ರಗಳಲ್ಲಿ 50 ಹರ್ಟ್ಸಿಗೆಂದು ಬೇರೆ ಅಳತೆಯ ರಾಟೆ ಇರುತ್ತದೆ, ಅದನ್ನು ಅಲ್ಲಿರುವಾಗಲೇ ಕೊಂಡಿಟ್ಟುಕೊಳ್ಳಿ. ವೇಗವನ್ನು ವಿದ್ಯುನ್ಮಾನವಾಗಿ ನಿಯಂತ್ರಿಸುವ ಡಿ.ಸಿ. ಮೋಟಾರಿನ ಯಂತ್ರವಾದರೆ ಈ ಚಿಂತೆಯೇ ಇಲ್ಲ. ಎರಡನೆಯ ಅಡ್ಡಿ ಹವೆ. ಫಿಲ್ಮಿಗೆ ಬೇಕಾದ ತೇವಾಂಶ ಶೇಕಡಾ 30ರಿಂದ 50, ಮಂಗಳೂರಿನ ಮಳೆಗಾಲದಲ್ಲಿ ಅದು 80ನ್ನೂ ಮೀರುತ್ತದೆ. ಚಿತ್ರವನ್ನು ಹಿಡಿದಿರುವ ಜೆಲಟಿನ್ ಪದರಕ್ಕೆ ಬೂಷ್ಟು ಹಿಡಿಯಲು ಒಂದು ಆಷಾಢ ಸಾಕು. ಕೋಣೆಯ ತೇವ ಹೀರುವ ಯಂತ್ರವನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ನಡೆಸುವ ಏರ್ಪಾಡು, ಕರೆಂಟು ಹೋದಾಗ ಬದಲಿ ವ್ಯವಸ್ಥೆ, ಇವೆರಡೂ ಸಾಧ್ಯವಿದ್ದರೆ ಒಯ್ಯಿರಿ. ಇಲ್ಲವಾದರೆ ಕಪ್ಪುಬಿಳುಪು ರೀಲುಗಳನ್ನು ಅಲ್ಲಿನ ಸಂಗ್ರಾಹಕರಿಗೆ ಒಪ್ಪಿಸಿ ಅವುಗಳ ಸ್ಕ್ಯಾನನ್ನು ತರುವುದು ಲೇಸು. ಹುಳಿ ವಾಸನೆಯ ರೀಲನ್ನಂತೂ ಯಾವ ಕಾರಣಕ್ಕೂ ಉಳಿದವುಗಳ ಜೊತೆ ಒಂದೇ ಪೆಟ್ಟಿಗೆಯಲ್ಲಿ ತುಂಬಿಸಬೇಡಿ.